ಮಾನ್ಯರು ಬರುವುದು ಸಾವಿಗೆ ಮಾತ್ರ

ಹೆಂಡತಿ ಊರಲ್ಲಿಲ್ಲದ ಗಂಡಸರಲ್ಲಿ ಎರಡು ಜಾತಿ. ಒಬ್ಬ ಹಾಡು ಹೇಳಿಕೊಂಡು ಸ್ನಾನ ಮಾಡುತ್ತಾನೆ, ಇನ್ನೊಬ್ಬ ಸ್ನಾನವನ್ನೇ ಮರೆಯುತ್ತಾನೆ. ನಮ್ಮ ರೇಡಿಯೋ ರಿಪೇರಿ ಬೆಂತಿಲ್ ಎರಡನೆಯ ಜಾತಿಯವನು. ನನ್ನ ಕ್ಷೌರದಂಗಡಿಗೂ ಅವನ ಜಗುಲಿಗೂ ನಡುವೆ ಒಂದು ತಗಡಿನ ಗೋಡೆ ಅಷ್ಟೇ. ಹಾಗಾಗಿ ಅವನ ನಿಟ್ಟುಸಿರುಗಳನ್ನೆಲ್ಲ ನಾನು ಪುಕ್ಕಟೆಯಾಗಿ ಕೇಳಿದ್ದೇನೆ, ನನ್ನ ಗಿರಾಕಿಗಳೂ ಕೇಳಿದ್ದಾರೆ.

ಅವನ ಹೆಂಡತಿ ಅರಬಾ ಹಳೆ ಲಾರಿ ನಿಲ್ದಾಣದಲ್ಲಿ ಕೆಂಕೆ ಮಾರುತ್ತಿದ್ದಳು. ಹುಳಿ ಬಂದ ಮುಸುಕಿನ ಜೋಳದ ಹಿಟ್ಟನ್ನು ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಉಂಡೆ, ಜೊತೆಗೆ ಕರಿದ ಮೀನು, ಕಲ್ಲಿನಲ್ಲಿ ಅರೆದ ಮೆಣಸಿನಕಾಯಿ. ಬೆಳಕು ಹರಿಯುವ ಮುಂಚೆ ಸಮುದ್ರಕ್ಕೆ ಹೋಗುವ ಬೆಸ್ತರು, ಲಾರಿ ಹತ್ತುವ ಡ್ರೈವರುಗಳು ಅವಳ ಪಾತ್ರೆಯ ಸುತ್ತ ನಿಂತಿರುತ್ತಿದ್ದರು. ಆಮೇಲೆ ಕೌನ್ಸಿಲ್ಲಿನವರಿಗೆ ಊರನ್ನು ಸುಂದರ ಮಾಡುವ ಹುಚ್ಚು ಹತ್ತಿತು. ಒಂದು ಬೆಳಿಗ್ಗೆ ಬುಲ್ಡೋಜರ್ ಬಂತು, ಹೆಂಗಸರ ಚಪ್ಪರಗಳು ಹೋದವು, ಆ ಜಾಗದಲ್ಲಿ ಸಾಲಾಗಿ ಸಿಮೆಂಟಿನ ಹೂಕುಂಡಗಳು ಕೂತವು. ಹೂವನ್ನು ವಾರದೊಳಗೆ ಮೇಕೆಗಳು ತಿಂದವು. ಕುಂಡಗಳು ಮಾತ್ರ ಖಾಲಿ ಹೊಟ್ಟೆಯಲ್ಲಿ ಇವತ್ತಿಗೂ ಊರನ್ನು ಸುಂದರವಾಗಿಡುತ್ತಿವೆ.

ಹೆಂಗಸರಿಗೆಂದು ಹೊಸ ಮಾರುಕಟ್ಟೆ ಕಟ್ಟಡ ಕಟ್ಟಿದ್ದೂ ನಿಜ. ಆದರೆ ಗಾಜಿನ ಬಾಗಿಲು ಹಾಕಿ, ಟೈಲ್ಸ್ ಹಾಸಿ, ಅದರ ಬಾಡಿಗೆಯನ್ನು ಹೇಗೆ ಇಟ್ಟರೆಂದರೆ ಅಲ್ಲಿ ಈಗ ಸೋಫಾ ಮತ್ತು ಫ್ರಿಜ್ಜು ಮಾತ್ರ ಕೂತುಕೊಳ್ಳುತ್ತವೆ. ಅರಬಾ ತಕೋರಾಡಿಗೆ ಹೋದಳು. ಅಲ್ಲಿ ಬಂದರಿನ ಹತ್ತಿರ ಅಕ್ಕನ ಮನೆ, ಅಕ್ಕನ ಮನೆ ಮುಂದೆ ಒಂದು ಪಾತ್ರೆ ಇಡುವಷ್ಟು ಜಾಗ. ಕ್ರಿಸ್‌ಮಸ್ಸಿಗೆ, ಈಸ್ಟರಿಗೆ ಬರುತ್ತಾಳೆ, ಬಟ್ಟೆ ಒಗೆದು ಹಾಕಿ ಹೋಗುತ್ತಾಳೆ. ಎರಡು ವರ್ಷದಿಂದ ಬೆಂತಿಲ್ ರಿಪೇರಿ ಮಾಡಿದ ರೇಡಿಯೋಗಳನ್ನು ಎಷ್ಟೇ ತಿರುಗಿಸಿದರೂ ಮುಳ್ಳು ತಕೋರಾಡಿ ಸ್ಟೇಷನ್ನಿಗೇ ಬಂದು ನಿಲ್ಲುತ್ತಿತ್ತು. ಊರಿನವರಿಗೆ ನಮ್ಮೂರ ಹವಾಮಾನ ಗೊತ್ತಿರಲಿಲ್ಲ, ತಕೋರಾಡಿಯಲ್ಲಿ ಮಳೆ ಬಂತೋ ಇಲ್ಲವೋ ಎಲ್ಲರಿಗೂ ಗೊತ್ತಿತ್ತು.

ಒಂದು ದಿನ ಹೊಗೆಮೀನು ಮಾರುವ ಮಾಮೆ ಎಕುವಾ ತಲೆ ಮೇಲೆ ತಟ್ಟೆ ಹೊತ್ತು ಬೀದಿ ಬೀದಿ ಸುತ್ತಿ ಸುಸ್ತಾಗಿ ನನ್ನ ಅಂಗಡಿ ಮುಂದೆ ಕೂತು ಕೌನ್ಸಿಲ್ಲಿಗೆ ಶಾಪ ಹಾಕುತ್ತಿದ್ದಳು. ಬೆಂತಿಲ್ ಗೋಡೆಯಾಚೆಯಿಂದ ತಲೆ ಹಾಕಿದ.

"ಶಾಪ ಯಾಕಮ್ಮ? ಮಾನ್ಯರು ನನ್ನ ಜೊತೆ ಓದಿದೋರು. ನಾನೊಂದು ಮಾತು ಹೇಳಿದ್ರೆ ಸಾಕು, ಕುಂಡ ಎತ್ತಿಸಿ ನಿಮ್ಮನ್ನ ಕೂರಿಸ್ತಾರೆ."

ಮಾನ್ಯರು ಎಂದರೆ ನಮ್ಮ ಜಿಲ್ಲಾ ಮುಖ್ಯಾಧಿಕಾರಿಗಳು, ಕೌನ್ಸಿಲ್ಲಿನ ಯಜಮಾನರು, ಪಕ್ಷದಿಂದ ಬಂದವರು. ಅವರಿಗೂ ಒಂದು ಹೆಸರಿದೆಯಂತೆ, ಕರೆದವರು ಯಾರೂ ಇಲ್ಲ. ಅವರೂ ಬೆಂತಿಲನೂ ಒಂದೇ ಶಾಲೆಯಲ್ಲಿದ್ದದ್ದು ಸುಳ್ಳಲ್ಲ. ಮಾನ್ಯರು ಫುಟ್‌ಬಾಲ್ ಆಡುವಾಗ ಇವನು ಗೆರೆಯಾಚೆ ನಿಂತು ಅವರ ಚಪ್ಪಲಿ ಕಾಯುತ್ತಿದ್ದ.

"ಹೌದೇನಪ್ಪಾ?" ಎಂದಳು ಮಾಮೆ ಎಕುವಾ. "ಎರಡು ವರ್ಷದಿಂದ ಈ ಮಾತನ್ನ ಯಾವ ರೇಡಿಯೋ ಒಳಗೆ ಬಚ್ಚಿಟ್ಟಿದ್ದೆ? ಏಳು, ನಾಳೆನೇ ಹೋಗು."

ಸಂಜೆಯೊಳಗೆ ಊರಿನ ಹೆಂಗಸರೆಲ್ಲ ಬೆಂತಿಲನನ್ನು ತಮ್ಮ ವಕೀಲನನ್ನಾಗಿ ಮಾಡಿದ್ದರು. ಅವನೂ ಕೂತು ಮೂರು ಬೇಡಿಕೆಗಳನ್ನು ಬಾಯಿಪಾಠ ಮಾಡಿದ. ಬೆಳಗಿನ ಹೊತ್ತು ಲಾರಿ ನಿಲ್ದಾಣದಲ್ಲಿ ಕೂತು ಮಾರಲು ಬಿಡಬೇಕು. ಸಣ್ಣ ವ್ಯಾಪಾರಕ್ಕೆ ಸಣ್ಣ ಸುಂಕ ಇರಬೇಕು. ಬೇರೆ ಜಾಗ ತೋರಿಸದೆ ಯಾರನ್ನೂ ಎಬ್ಬಿಸಬಾರದು. ಗೋಡೆಯಾಚೆಯಿಂದ ಕೇಳಿ ಕೇಳಿ ನನಗೂ ಬಾಯಿಪಾಠವಾಯಿತು. ಪ್ರತಿ ಸಲವೂ ಮೂರನೆಯದರ ಕೊನೆಗೆ ಅವನು ತಡೆದು, "ಆಮೇಲೆ ಅರಬಾ ಬರ್ತಾಳೆ" ಎಂದು ಮೆಲ್ಲಗೆ ಸೇರಿಸುತ್ತಿದ್ದ. ಅದು ಮಾತ್ರ ಸರ್ಕಾರಕ್ಕೆ ಸಂಬಂಧಪಟ್ಟದ್ದಲ್ಲ.

ಕಚೇರಿಯಲ್ಲಿ ಗುಮಾಸ್ತೆ ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು.

"ಮಾನ್ಯರಿಲ್ಲ. ಸಾವಿಗೆ ಹೋಗಿದ್ದಾರೆ."

"ನಾಳೆ?"

"ನಾಳೆ ಶುಕ್ರವಾರ, ಹೆಣ ಬರೋ ದಿನ. ಶನಿವಾರ ಮಣ್ಣು. ಭಾನುವಾರ ಚರ್ಚು, ಆಮೇಲೆ ಊಟ. ಸೋಮವಾರ ಸುಸ್ತು."

"ಮಂಗಳವಾರ ಬರ್ಲಾ ತಾಯಿ?"

"ಮಂಗಳವಾರ, ಬುಧವಾರ ಸಭೆ."

"ಯಾವುದರ ಸಭೆ?"

"ಮುಂದಿನ ವಾರ ಯಾರ್‍ಯಾರ ಸಾವಿಗೆ ಹೋಗ್ಬೇಕು ಅಂತ."

ಇದನ್ನು ಯಾರೂ ತಪ್ಪು ತಿಳಿಯಬಾರದು. ನಮ್ಮ ಕಡೆ ಮದುವೆಗೆ ಹೋಗದಿದ್ದರೆ ನಡೆಯುತ್ತದೆ, ಸಾವಿಗೆ ಹೋಗದವನಿಗೆ ವೋಟು ಬೀಳುವುದಿಲ್ಲ. ಬದುಕಿರುವ ನೂರು ಜನ ಕರೆದರೆ ಬಿಡುವಿಲ್ಲದ ಮಾನ್ಯರು, ಸತ್ತವನು ಒಬ್ಬನೇ ಕರೆದರೂ ಕಪ್ಪು ಬಟ್ಟೆ ಹೊದ್ದು ಮುಂದಿನ ಸಾಲಿನಲ್ಲಿರುತ್ತಾರೆ.

ಬೆಂತಿಲ್ ಹೀಗೆ ಒಂದಷ್ಟು ವಾರ ಅಲೆದ. ಕೊನೆಗೆ ಅವನಿಗೇ ಒಂದು ಯೋಚನೆ ಹೊಳೆಯಿತು. ಅವನಿಗೆ ಹೊಳೆದ ಯೋಚನೆಗಳು ಯಾವಾಗಲೂ ಹೀಗೇ, ಹೊಳೆಯುವಾಗ ಚೆನ್ನಾಗಿಯೇ ಇರುತ್ತವೆ. ಶನಿವಾರ ಬೆಳಿಗ್ಗೆ ಲಾರಿ ನಿಲ್ದಾಣದಲ್ಲಿ ದೊಡ್ಡ ಸಭೆ ಸೇರಿಸುವುದು, ಅದಕ್ಕೆ ಅರಬಾಳ ಫೋಟೋ ಹಾಕಿ ಪೋಸ್ಟರ್ ಮಾಡಿಸುವುದು. "ಮುಖ ನೋಡಿದ್ರೆ ಜನಕ್ಕೆ ಮನಸ್ಸು ಕರಗುತ್ತೆ ಮಾಸ್ಟ್ರೇ" ಎಂದ ನನಗೆ. ಕತ್ತರಿ ಹಿಡಿದವನೆಲ್ಲ ನಮ್ಮೂರಲ್ಲಿ ಮಾಸ್ಟ್ರೇ.

ಪ್ರಿಂಟಿಂಗ್ ಅಂಗಡಿ ಡಾಡ್ಜಿಯದು. ಆಮೇಲೆ ಡಾಡ್ಜಿಯನ್ನು ಊರೆಲ್ಲ ಬೈದರೂ ನಾನು ಬೈಯಲಾರೆ. ಅವನ ಜಾಗದಲ್ಲಿ ನೀವೇ ನಿಂತು ನೋಡಿ. ಕೆಂಪು ಕಣ್ಣಿನ ಗಂಡಸೊಬ್ಬ ಒಳಗೆ ಬರುತ್ತಾನೆ. ಎದೆಯ ಜೇಬಿನಿಂದ ಹೆಂಡತಿಯ ಫೋಟೋ ತೆಗೆದು ಮೇಜಿನ ಮೇಲಿಡುತ್ತಾನೆ. ಇಟ್ಟ ಕೈ ಹಿಂದಕ್ಕೆ ತೆಗೆಯಲು ಅವನಿಗೆ ಮನಸ್ಸು ಬರುವುದಿಲ್ಲ. "ಇವಳನ್ನ ದೊಡ್ಡದಾಗಿ ಹಾಕಪ್ಪಾ. ಶನಿವಾರ ಎಲ್ಲರೂ ಸೇರ್ಬೇಕು" ಎಂದು ಮೂಗು ಒರೆಸಿಕೊಳ್ಳುತ್ತಾನೆ. ಪೋಸ್ಟರಿನಲ್ಲಿ ದೊಡ್ಡದಾಗಿ ಮುಖ ಹಾಕಿಸುವುದು ಸತ್ತವರದ್ದನ್ನೇ ಎನ್ನುವ ನಮ್ಮೂರಲ್ಲಿ ಯಾವ ಪ್ರಿಂಟರಿಗೆ ಇನ್ನೇನು ತೋಚಬೇಕು?

"ಬಣ್ಣ ಕೆಂಪು ಕಪ್ಪು ತಾನೇ ಅಣ್ಣ?"

"ನೀನು ಹೇಳ್ದಂಗೆ. ಎದ್ದು ಕಾಣ್ಬೇಕು."

"ಉಳಿದ ಮಾತೆಲ್ಲ ನಾನೇ ಹಾಕ್ತೀನಿ ಬಿಡಣ್ಣ. ಇಂಥ ಹೊತ್ತಲ್ಲಿ ನಿನಗೆ ಯಾಕೆ ತೊಂದರೆ."

ಮಾತು ಹಾಕಿಕೊಡುವ ಪ್ರಿಂಟರು ಸಿಗುವುದೂ ಪುಣ್ಯವೆಂದುಕೊಂಡು ಬೆಂತಿಲ್ ಅವನ ಕೈ ಕುಲುಕಿದ. ಮರುದಿನ ಪೋಸ್ಟರಿನ ಕಟ್ಟು ಬಂದಾಗ ಅವನು ಓದಿಯೂ ನೋಡಲಿಲ್ಲ. ಅರಬಾಳ ಮುಖ ಆಳೆತ್ತರವಾಗಿತ್ತು, ನಗುತ್ತಿತ್ತು. ಅದನ್ನು ಬಿಟ್ಟು ಕಣ್ಣು ಪಕ್ಕಕ್ಕೆ ಸರಿದಿದ್ದರೆ ಮೇಲ್ಗಡೆ "ಅಯ್ಯೋ, ಎಂಥ ಆಘಾತ!" ಎಂದು ಬರೆದದ್ದು, ಎರಡು ಮೂಲೆಗೆ ಎರಡು ಪಾರಿವಾಳ, ಕೆಳಗೆ "ಅರಬಾ ಬೆಂತಿಲ್, ವಯಸ್ಸು ನಲವತ್ತೆಂಟು, ದೇವರ ಕರೆಗೆ ಓಗೊಟ್ಟರು" ಎಂಬುದೆಲ್ಲ ಕಾಣುತ್ತಿತ್ತು. ಅವನು ಮುಖವನ್ನೇ ನೋಡುತ್ತ, ಒಂದೊಂದಕ್ಕೂ ಅಂಟು ಸವರಿ, ಊರಿನ ಗೋಡೆಗಳಿಗೆಲ್ಲ ತಾನೇ ಅಂಟಿಸಿ ಬಂದ. ನಾನು ಅವತ್ತು ಕೇಪ್ ಕೋಸ್ಟಿಗೆ ಹೋದವನು ಶುಕ್ರವಾರವೇ ವಾಪಸ್ ಬಂದದ್ದು. ಇದ್ದಿದ್ದರೆ ಹೇಳುತ್ತಿದ್ದೆ.

ಮೊದಲು ಬಂದವಳು ಮಾಮೆ ಎಕುವಾ. ಬೀದಿಯ ಆ ತುದಿಯಿಂದಲೇ ತಲೆ ಮೇಲೆ ಎರಡೂ ಕೈ ಇಟ್ಟುಕೊಂಡು ಅಳುತ್ತ ಬಂದಳು.

"ಅಯ್ಯೋ ಬೆಂತಿಲ್! ಹೋದಳಲ್ಲಪ್ಪಾ!"

ಬೆಂತಿಲನಿಗೆ ಹೃದಯ ತುಂಬಿಬಂತು. ಎರಡು ವರ್ಷದಿಂದ ಅವನು ಒಬ್ಬನೇ ಅತ್ತಿದ್ದ. ಪೋಸ್ಟರಿಗೆ ಇಷ್ಟು ಶಕ್ತಿಯಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

"ಹೋದಳಮ್ಮ. ಎರಡು ವರ್ಷ ಆಯ್ತು."

ಎಕುವಾಳ ಅಳು ನಿಂತಿತು. "ಎರಡು ವರ್ಷನಾ? ಎರಡು ವರ್ಷದಿಂದ ಇಟ್ಕೊಂಡಿದ್ದೀಯಾ? ಎಲ್ಲಿ?"

"ತಕೋರಾಡಿನಲ್ಲಿ."

"ದೇವ್ರೇ! ಅಲ್ಲಿ ಶವಾಗಾರ ತುಂಬಾ ದುಬಾರಿ ಅಂತಾರಲ್ಲೋ!"

ಬೆಂತಿಲ್ ಅಷ್ಟರಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ, ಅವನಿಗೆ ಏನೂ ಕೇಳಿಸಲಿಲ್ಲ. "ಅಲ್ಲಿ ವಿಪರೀತ ಸೆಕೆ ಅಂತಿದ್ಲು" ಎಂದ. ಎಕುವಾ ಶಿಲುಬೆಯ ಗುರುತು ಹಾಕಿಕೊಂಡು ಓಡಿದಳು. ಸಂಜೆಗೆ ಊರೆಲ್ಲ ಸುದ್ದಿ: ಅರಬಾ ಸತ್ತು ಎರಡು ವರ್ಷವಾಗಿದೆ, ತಕೋರಾಡಿಯ ಶವಾಗಾರದಲ್ಲಿ ಕರೆಂಟು ಸರಿಯಿಲ್ಲ, ಸೆಕೆ ತಡೆಯಲಾರದೆ ಅವಳು ಗಂಡನ ಕನಸಿನಲ್ಲಿ ಬಂದು ದೂರುತ್ತಿದ್ದಾಳೆ. ಈಸ್ಟರಿಗೆ ಬಂದು ಬಟ್ಟೆ ಒಗೆದು ಹೋದದ್ದು ಅವಳೇ ಎಂಬುದು ಯಾರಿಗೂ ನೆನಪಾಗಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಊರು ನಮ್ಮದು. ಶಾಮಿಯಾನದವನು ಬಂದು ಕಂಬ ನೆಡಲು ಅಳತೆ ತೆಗೆದುಕೊಂಡ. ಚರ್ಚಿನ ಗಾಯಕಿಯರು ಶೋಕಗೀತೆಯ ತಾಲೀಮು ಶುರುಮಾಡಿದರು. ಸಭೆಗೆ ಇಷ್ಟು ಅದ್ದೂರಿಯ ತಯಾರಿ ಕಂಡು ಬೆಂತಿಲ್ ಎಲ್ಲರಿಗೂ ಕೈ ಮುಗಿದ.

ನಿಜ ಬಯಲಿಗೆ ಬಂದದ್ದು ಶುಕ್ರವಾರ, ಅರಬಾಳ ಸೋದರಮಾವ ಎಗ್ಯಾ ಒಟೂ ಊರುಗೋಲು ಕುಟ್ಟುತ್ತ ಬಂದಾಗ. ನಮ್ಮಲ್ಲಿ ಹೆಣ್ಣು ಬದುಕಿದ್ದಾಗ ಗಂಡನ ಮನೆಯಲ್ಲಿರಬಹುದು, ಹೆಣ ಮಾತ್ರ ತಾಯಿಯ ಮನೆತನಕ್ಕೆ ಸೇರಿದ್ದು. ಅವರಿಗೆ ಹೇಳದೆ ಮಣ್ಣು ಮಾಡಲು ಹೊರಟ ಗಂಡನನ್ನು ಅದೇ ಗುಂಡಿಗೆ ಹಾಕಿದರೂ ಕೇಳುವವರಿಲ್ಲ.

"ಎಲ್ಲೋ ನಮ್ಮ ಹುಡುಗಿ ಹೆಣ?" ಮುದುಕರು ಕೋಲು ಎತ್ತಿದರು. "ನಾನು ಬದುಕಿರುವಾಗ ನನ್ನ ಕೇಳ್ದೆ ಪೋಸ್ಟರ್ ಹಾಕ್ಸಿದ್ದೀಯಾ? ಅದೂ ದುಃಖತಪ್ತರ ಸಾಲಲ್ಲಿ ಮೊದಲು ಬರ್ಬೇಕಾದ ನನ್ನ ಹೆಸರು ಬಿಟ್ಟು?"

"ಹೆಣ ಅಂದ್ರೆ ಏನು ಮಾವಾ?" ಎಂದ ಬೆಂತಿಲ್.

ನಾನು ಅವನ ಕೈ ಹಿಡಿದು ಎದುರು ಗೋಡೆಯ ಹತ್ತಿರ ಕರೆದುಕೊಂಡು ಹೋಗಿ, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿಸಿದೆ. ಪಾರಿವಾಳದ ಹತ್ತಿರ ಬರುವಷ್ಟರಲ್ಲಿ ಅವನು ಜೇಬಿನಿಂದ ಫೋನ್ ತೆಗೆದ. ಅರಬಾಳಿಗೆ ಫೋನ್ ಮಾಡಿದರೆ ಅದು ಆಫ್ ಆಗಿತ್ತು. ಅವಳು ಬದುಕಿದ್ದಾಳೆಂದು ತಿಳಿದ ಎಗ್ಯಾ ಒಟೂ ಒಮ್ಮೆ ಆಕಾಶಕ್ಕೆ ಕೈ ಮುಗಿದು, ಆಮೇಲೆ ಬೆಂತಿಲನ ಬೆನ್ನಿಗೆ ಒಂದು ಬಾರಿಸಿದರು.

"ಎಲ್ಲ ಕಿತ್ತು ಹಾಕ್ತೀನಿ ಮಾವಾ. ಶಾಮಿಯಾನನೂ ಬೇಡ ಅಂತೀನಿ."

"ಆ ದೊಡ್ಡ ಮನುಷ್ಯ ಬರ್ತಾನಂತಾ?"

"ಯಾರು, ಮಾನ್ಯರಾ? ಬರ್ತಾರಂತೆ. ಗುಮಾಸ್ತೆ ಬೆಳಿಗ್ಗೆನೇ ಹೇಳಿ ಕಳಿಸಿದ್ಲು. ಮುಂದಿನ ಸಾಲಲ್ಲಿ ಕುರ್ಚಿ ಬೇಕಂತೆ."

ಮುದುಕರು ಕೋಲಿನ ಮೇಲೆ ಗಲ್ಲವಿಟ್ಟುಕೊಂಡರು. "ಹಾಗಿದ್ರೆ ಏನೂ ಕೀಳ್ಬೇಡ. ನಿನ್ನ ದಡ್ಡತನಕ್ಕೆ ಇಷ್ಟು ದೊಡ್ಡ ಫಲ ಮತ್ತೆ ಸಿಗಲ್ಲ."

ಊರಿಗೆ ಉಪಕಾರ ಮಾಡಬಾರದು, ಹೆಣಕ್ಕೆ ಶೃಂಗಾರ ಮಾಡಬಾರದು ಎನ್ನುತ್ತಾರೆ. ಶನಿವಾರ ಹೆಣವೇ ಇಲ್ಲದ ಶೃಂಗಾರವನ್ನು ನಾವು ಕಣ್ಣಾರೆ ನೋಡಿದೆವು. ಸೂತಕದ ಕೆಂಪು ಕಪ್ಪು ಬಟ್ಟೆಯ ಜನ ಹೂಕುಂಡಗಳ ನಡುವೆಲ್ಲ ತುಂಬಿದ್ದರು. ಮಾನ್ಯರು ತಡವಾಗಿ ಬಂದರು, ಎರಡು ಕಾರು, ಒಬ್ಬ ಅಂಗರಕ್ಷಕ. ಎಗ್ಯಾ ಒಟೂ ಸಾರಾಯಿ ಬಾಟಲಿ ಹಿಡಿದು ಪೂರ್ವಜರಿಗೆ ನೆಲಕ್ಕೆ ಹನಿಸಲು ಎದ್ದರು. ಬದುಕಿರುವವಳ ಹೆಸರನ್ನು ಸತ್ತವರ ಸಾಲಿಗೆ ಸೇರಿಸಿದರೆ ಅನಿಷ್ಟ, ಅದಕ್ಕೇ ಬಹಳ ಜೋಪಾನವಾಗಿ ಮಾತಾಡಿದರು.

"ಅಜ್ಜಂದಿರೇ, ಕುಡೀರಿ. ಈ ಜಾಗದಲ್ಲಿ ನಮ್ಮ ಹೆಂಗಸರ ವ್ಯಾಪಾರ ಸತ್ತಿದೆ. ಅದಕ್ಕೆ ಅಳೋಕೆ ಬಂದಿದ್ದೀವಿ. ಇವತ್ತು ಇಲ್ಲಿ ಯಾರು ಏನು ಮಾತು ಕೊಡ್ತಾರೋ ಕೇಳಿಸ್ಕೊಳ್ಳಿ."

ಮಾನ್ಯರು ಇದನ್ನು ಹಿರಿಯರ ಅಲಂಕಾರದ ಮಾತೆಂದುಕೊಂಡು ತಲೆಯಾಡಿಸಿದರು. ಆಮೇಲೆ ಎಗ್ಯಾ ಒಟೂ ಬೆಂತಿಲನ ಕೈಗೆ ಮೈಕು ಕೊಟ್ಟರು.

ಮೂರು ಬೇಡಿಕೆಗಳೂ ಅವನ ಬಾಯಿಂದ ಹಾರಿಹೋಗಿದ್ದವು. ಎದುರಿಗೆ ಶಾಮಿಯಾನದ ಕಂಬದ ಮೇಲೆ ಅರಬಾಳ ಮುಖವಿತ್ತು, ಅದನ್ನು ನೋಡಿಕೊಂಡೇ ಮಾತಾಡಿದ.

"ಬೆಳಗಿನ ಜಾವ ಅವಳು ಎದ್ದು ಪಾತ್ರೆ ಎತ್ತಿ ಒಲೆ ಮೇಲಿಡ್ತಿದ್ಲು. ಢಣ್ ಅಂತ ಸದ್ದಾಗ್ತಿತ್ತು. ನಿದ್ದೆ ಕೆಡಿಸ್ತೀಯಾ ಅಂತ ದಿನಾ ಬೈತಿದ್ದೆ. ಈಗ ಸದ್ದಿಲ್ಲ. ನಿದ್ದೆನೂ ಇಲ್ಲ. ಅವಳೇನು ಅರಮನೆ ಕೇಳಿದ್ಲಾ? ಒಂದು ಪಾತ್ರೆ, ಒಂದು ಸ್ಟೂಲು ಇಡೋಷ್ಟು ಜಾಗ. ಅಷ್ಟು ಜಾಗ ಈ ಊರಲ್ಲಿ ಈ ಕುಂಡಕ್ಕೆ ಸಿಕ್ತು, ಅವಳಿಗೆ ಸಿಗ್ಲಿಲ್ಲ. ಸಂಜೆ ಆದ್ರೆ ಎರಡು ತಟ್ಟೆ ತಗೀತೀನಿ, ಆಮೇಲೆ ಒಂದನ್ನ ವಾಪಸ್ ಇಡ್ತೀನಿ. ಇದಕ್ಕೆ ಏನಾದ್ರೂ ಕಾನೂನು ಮಾಡಿ ಮಾನ್ಯರೇ. ನನಗೆ ಅವಳು ಬೇಕು."

ಅವಳು ಬದುಕಿದ್ದಾಳೆಂದು ಗೊತ್ತಿದ್ದ ನಾನೂ ಅತ್ತೆ. ಗೊತ್ತಿದ್ದ ಎಗ್ಯಾ ಒಟೂ ಕೂಡ ಅತ್ತರು. ಮಾನ್ಯರಿಗೆ ಅಳುವ ಜನ ಕಂಡರೆ ಮೈಮೇಲೆ ಬರುತ್ತದೆ, ಎದ್ದು ಮೈಕು ಕಸಿದುಕೊಂಡರು.

"ಈ ತಾಯಿಯ ಕೆಂಕೆ ತಿಂದೇ ನಾನು ಬೆಳೆದದ್ದು!" ಅರಬಾ ಅವರಿಗಿಂತ ಹತ್ತಾರು ವರ್ಷ ಚಿಕ್ಕವಳು, ಇರಲಿ. "ಇಂದು ಅವಳು ಇದ್ದಿದ್ದರೆ, ನನ್ನ ಈ ಕೈಯಾರೆ ಕುಂಡ ಎತ್ತಿಟ್ಟು ಅವಳಿಗೆ ಮೊದಲ ಸಾಲಿನಲ್ಲಿ ಜಾಗ ಕೊಡುತ್ತಿದ್ದೆ! ಅವಳಿಗಷ್ಟೇ ಅಲ್ಲ, ಅವಳಂಥ ಎಲ್ಲ ತಾಯಂದಿರಿಗೂ!" ಬೆಂತಿಲ್ ಮರೆತ ಮೂರು ಬೇಡಿಕೆಗಳನ್ನೂ ಹೆಂಗಸರು ಹಿಂದಿನಿಂದ ಕೂಗಿ ಹೇಳಿಕೊಟ್ಟರು. "ಸಣ್ಣ ಸುಂಕ, ಬೆಳಗಿನ ವ್ಯಾಪಾರ, ಯಾರನ್ನೂ ಎಬ್ಬಿಸುವುದಿಲ್ಲ! ಆದರೆ ಏನು ಮಾಡೋಣ, ಅವಳೇ ಇಲ್ಲವಲ್ಲ!"

"ಯಾರೋ ಅದು ನನ್ನನ್ನ ಸಾಯ್ಸಿದ್ದು?"

ತಕೋರಾಡಿಯ ಬಸ್ಸು ಬಂದು ನಿಂತಿತ್ತು. ಯಾರೋ ಪೋಸ್ಟರಿನ ಫೋಟೋ ತೆಗೆದು ಅವಳ ಅಕ್ಕನ ಮೊಬೈಲಿಗೆ ಕಳಿಸಿದ್ದರಂತೆ. ಅರಬಾ ಸೊಂಟಕ್ಕೆ ಬಟ್ಟೆ ಬಿಗಿದು ಶಾಮಿಯಾನದೊಳಗೆ ನುಗ್ಗಿದಳು. ಮೊದಲು ಓಡಿದವನು ಅಂಗರಕ್ಷಕ. ಗಾಯಕಿಯರು ಕುಂಡಗಳ ಹಿಂದೆ ಅಡಗಿದರು. ಮಾಮೆ ಎಕುವಾ ಕಣ್ಣು ಮುಚ್ಚಿಕೊಂಡು, "ಅರಬಾ, ನಿನ್ನ ಸೌಟು ನನ್ನ ಹತ್ರನೇ ಇದೆ, ಕೊಟ್ಬಿಡ್ತೀನಿ, ನನ್ನ ಏನೂ ಮಾಡ್ಬೇಡ" ಎಂದಳು.

ಅರಬಾ ನೇರವಾಗಿ ಕಂಬದ ಹತ್ತಿರ ಹೋಗಿ ಪೋಸ್ಟರ್ ಓದಿದಳು.

"ನಲವತ್ತೆಂಟಾ?" ಎಂದಳು. ಅಲ್ಲಿಯವರೆಗಿನ ಸಿಟ್ಟು ಏನೂ ಅಲ್ಲ. "ಬೆಂತಿಲ್! ಸತ್ತೆ ಅಂದ್ರೆ ಅನ್ನು, ಹೋಗ್ಲಿ. ನಲವತ್ತಮೂರಕ್ಕೆ ಸಾಯ್ಸೋಕೆ ಆಗ್ಲಿಲ್ವಾ ನಿನಗೆ?"

ಬೆಂತಿಲ್ ಪೋಸ್ಟರನ್ನೂ ಅವಳನ್ನೂ ಒಂದಾದ ಮೇಲೊಂದು ನೋಡುತ್ತ, ಪೆದ್ದು ಪೆದ್ದಾಗಿ ನಗುತ್ತ ನಿಂತಿದ್ದ.

ಮಾನ್ಯರು ಬೆವರು ಒರೆಸಿಕೊಂಡರು. "ಇದು ಮೋಸ! ನಾನು ಮಾತು ಕೊಟ್ಟದ್ದು ಸತ್ತವಳಿಗೆ. ಬದುಕಿರುವವರು ಅರ್ಜಿ ಹಾಕಬೇಕು, ಸಮಿತಿ ನೋಡಬೇಕು."

ಎಗ್ಯಾ ಒಟೂ ಕೋಲು ಕುಟ್ಟಿದರು. "ಬದುಕಿರೋರಿಗೆ ಕೊಟ್ಟ ಮಾತು ಮುರೀಬಹುದು ಮಾನ್ಯರೇ, ನೀವು ದಿನಾ ಮುರೀತೀರಿ, ನಾವು ಕೇಳ್ತೀವಾ? ಇದು ಸಾರಾಯಿ ಹನಿಸಿದ ನೆಲ. ಅಜ್ಜಂದಿರು ಕುಡ್ದು ಕೂತು ಕೇಳಿಸ್ಕೊಂಡಿದ್ದಾರೆ. ಅವಳಿದ್ರೆ ಕೊಡ್ತಿದ್ದೆ ಅಂದ್ರಿ. ಇದ್ದಾಳೆ ನೋಡಿ. ಇನ್ನು ನೀವುಂಟು, ಅವರುಂಟು."

ಮಾನ್ಯರು ಒಮ್ಮೆ ನೆಲದ ಮೇಲಿನ ಒದ್ದೆಯನ್ನು ನೋಡಿದರು. ಅಷ್ಟರಲ್ಲಿ ಮಾಮೆ ಎಕುವಾಗೆ ಧೈರ್ಯ ಬಂದಿತ್ತು. "ಡಾಡ್ಜಿ! ನಾಳೆ ನಂದೊಂದು ಪೋಸ್ಟರ್ ಹಾಕಪ್ಪಾ! ನಾನೂ ಸತ್ತು ನೋಡ್ತೀನಿ!" ಎಂದು ಕೂಗಿದಳು. "ನಂದೂ! ನಂದೂ!" ಎಂದು ಹಿಂದಿನ ಸಾಲಿನಿಂದ ಟೊಮೇಟೊದವಳು, ಸೋಪಿನವಳು, ಹಳೆ ಬಟ್ಟೆಯವಳು ಎದ್ದರು.

ಮಾನ್ಯರು ಎಲ್ಲರ ಎದುರು ಒಂದು ಕುಂಡಕ್ಕೆ ಕೈ ಹಾಕಿದರು. ಅದು ಅಲುಗಲಿಲ್ಲ. ಕೌನ್ಸಿಲ್ ಮಾಡಿಸಿದ ಕೆಲಸಗಳಲ್ಲಿ ಗಟ್ಟಿಯಾದದ್ದು ಅದೊಂದೇ. "ನಿಯಮ ಮಾಡಿಸ್ತೀನಿ" ಎಂದು ಹೇಳಿ ಕಾರು ಹತ್ತಿದರು.

ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಅರಬಾ ಸಂಜೆಯ ಬಸ್ಸಿಗೇ ಹೊರಟಳು.

"ಮಾತು ಕೊಟ್ರಲ್ಲ" ಎಂದ ಬೆಂತಿಲ್, ಬಸ್ಸಿನ ಕಿಟಕಿ ಹಿಡಿದುಕೊಂಡು.

"ಹೋದ ಸಲ ಎಬ್ಬಿಸುವಾಗ್ಲೂ ಕೊಟ್ಟಿದ್ರು. ಅಲ್ಲಿ ನನಗಾಗಿ ಕಾಯೋ ಗಿರಾಕಿಗಳಿದ್ದಾರೆ. ಆ ಜಾಗ ಬಿಟ್ಟು ಬಂದು, ಇಲ್ಲಿ ಮತ್ತೆ ಎಬ್ಬಿಸಿದ್ರೆ ಎಲ್ಲಿಗೆ ಹೋಗ್ಲಿ? ನಿಯಮ ಆಗ್ಲಿ. ಸೀಲು ಬೀಳ್ಲಿ. ಬರ್ತೀನಿ." ಆಮೇಲೆ ಅವನ ಅಂಗಿಯ ಕಾಲರನ್ನು ನೋಡಿ, "ಇದನ್ನ ಒಗೆದು ಎಷ್ಟು ದಿನ ಆಯ್ತು?" ಎಂದು ಕೇಳಿದಳು. ಅದಕ್ಕೆ ಅವನು ಉತ್ತರ ಹೇಳುವ ಮೊದಲೇ ಬಸ್ಸು ಹೊರಟಿತು. ಅವನು ಉತ್ತರವನ್ನು ಧೂಳಿಗೆ ಹೇಳಿ ಬಂದ.

ನಿಯಮ ತಾನಾಗಿ ಆಗುವಂಥದ್ದಲ್ಲ. ಹೆಂಗಸರು ಹೇಳಿದಂತೆಯೇ ಮಾಡಿದರು. ಒಂದು ವಾರ ಎಕುವಾಳ ಪೋಸ್ಟರ್, ಮರು ವಾರ ಟೊಮೇಟೊದವಳದ್ದು. ಹೋದರೆ ಸತ್ತವಳೇ ಎದುರು ನಿಂತು ಬೇಡಿಕೆ ಒಪ್ಪಿಸುತ್ತಾಳೆ, ಹೋಗದಿದ್ದರೆ ನಿಜವಾಗಿಯೂ ಸತ್ತಿದ್ದರೆ ಎಂಬ ಭಯ. ಪಾಪ, ಕೌನ್ಸಿಲ್ಲಿನ ಸದಸ್ಯರಿಗೆ ಯಾವ ಸಾವನ್ನು ನಂಬಬೇಕೋ ತಿಳಿಯದಂತಾಯಿತು. ಒಬ್ಬ ಸದಸ್ಯರು ಗೊಂದಲದಲ್ಲಿ ತಮ್ಮ ಸ್ವಂತ ಅತ್ತೆಯ ಮಣ್ಣಿಗೇ ಹೋಗದೆ ಮನೆಯಲ್ಲಿ ಪೆಟ್ಟು ತಿಂದರು. ಬೆಂತಿಲ್ ಮಾತ್ರ ಪ್ರತಿ ಬುಧವಾರ ಕಚೇರಿಯ ಮೆಟ್ಟಿಲ ಮೇಲೆ ಕೂತು ಮೂರು ಬೇಡಿಕೆಗಳನ್ನು, ಈಗ ತಪ್ಪದೆ, ಬಂದವರಿಗೆಲ್ಲ ಹೇಳಿದ. ಗುಮಾಸ್ತೆಗೂ ಬಾಯಿಪಾಠವಾಯಿತು. ಕೊನೆಗೆ ನಿಯಮದ ಕರಡನ್ನು ಟೈಪ್ ಮಾಡಿದವಳು ಅವಳೇ, ಯಾರನ್ನೂ ಕೇಳದೆ. ಮಳೆಗಾಲ ಮುಗಿಯುವ ಹೊತ್ತಿಗೆ ಅದಕ್ಕೆ ಸೀಲು ಬಿತ್ತು.

ಸೀಲು ಬಿದ್ದ ಮರು ಸೋಮವಾರ ಬೆಂತಿಲ್ ಮನೆ ಗುಡಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿ, ಬಾಗಿಲಲ್ಲಿ ಕಾಯುತ್ತ ಕೂತ. ಅರಬಾ ಮನೆಗೆ ಬರಲಿಲ್ಲ. ತಕೋರಾಡಿಯ ಮೊದಲ ಬಸ್ಸಿನಲ್ಲಿ ಬೆಂದ ಕೆಂಕೆಯ ಪಾತ್ರೆಯ ಸಮೇತ ಬಂದವಳು ನೇರ ಲಾರಿ ನಿಲ್ದಾಣದಲ್ಲಿ ಕೂತಿದ್ದಳು, ಗಿರಾಕಿಗಳು ಸಮುದ್ರಕ್ಕೆ ಹೋಗುವ ಮುಂಚೆ ಸಿಗಬೇಕಲ್ಲ. ಸುದ್ದಿ ಕೇಳಿ ಬೆಂತಿಲ್ ಓಡಿದ. ಸಾಲು ಕೌನ್ಸಿಲ್ ಕಚೇರಿಯವರೆಗೆ ಇತ್ತು. "ನಾನು ಅವಳ ಗಂಡ" ಎಂದ. "ಹೌದಾ? ಹಿಂದೆ ನಿಂತ್ಕೋ" ಎಂದರು ಬೆಸ್ತರು. ಅವನು ನಿಂತ.

ಬಿಸಿಲೇರಿದ ಮೇಲೆ ಅವನು ನನ್ನ ಅಂಗಡಿ ಮುಂದೆ ಬಂದ. ಕೈಯಲ್ಲಿ ಏನೂ ಇರಲಿಲ್ಲ.

"ಸಿಕ್ತಾ?" ಎಂದೆ.

"ಇಲ್ಲ ಮಾಸ್ಟ್ರೇ. ನನ್ನ ಸರದಿ ಬರೋ ಹೊತ್ತಿಗೆ ಮುಗೀತು." ಅವನ ಕಣ್ಣು ತುಂಬಿತ್ತು, ಮುಖವೆಲ್ಲ ನಗುತ್ತಿತ್ತು. "ನಾಳೆ ಬೇಗ ಬಾ ಅಂದ್ಲು."